ಬಿಳಿ ಗೌನಿನಲ್ಲಿ ಬಿಳಿ ಎಲ್ಲಿದೆ?

ಕ್ಲೋದ್ ಮೊನೆ 1875ರಲ್ಲಿ ಬರೆದ, ಕೊಡೆ ಹಿಡಿದು ನಿಂತ ಹೆಂಗಸಿನ ಚಿತ್ರವನ್ನು ನೋಡಿದವರನ್ನು ಕೇಳಿ, ಆಕೆ ತೊಟ್ಟದ್ದು ಬಿಳಿ ಗೌನು ಅನ್ನುತ್ತಾರೆ. ಮತ್ತೊಮ್ಮೆ ನೋಡಿದರೆ ಆ ಬಿಳಿಯನ್ನು ಹುಡುಕಬೇಕಾಗುತ್ತದೆ. ಬೆನ್ನಿನ ಕಡೆ, ಬಿಸಿಲು ತಾಗಿದ ಅಂಚಿನಲ್ಲಿ ಒಂದಿಷ್ಟು ದಪ್ಪಗೆ ಬಳಿದಿದ್ದಾನೆ, ಅಷ್ಟೇ. ಮಿಕ್ಕದ್ದೆಲ್ಲ ನೀಲಿ, ಬೂದು, ತೆಳು ನೇರಳೆ.

ಸೂರ್ಯ ಆಕೆಯ ಹಿಂದಿದ್ದಾನೆ. ನಮ್ಮ ಕಡೆಗಿರುವುದು ನೆರಳಿನ ಮಗ್ಗುಲು, ಅದಕ್ಕೆ ಬೆಳಕು ಸಿಗುತ್ತಿರುವುದು ಆಕಾಶದಿಂದ. ನಂಬದವರು ಹಿತ್ತಲಲ್ಲಿ ಒಣಹಾಕಿದ ಪಂಚೆಯ ಮಡಿಕೆಯೊಳಗಿನ ನೆರಳನ್ನು ಸ್ವಲ್ಪ ಹೊತ್ತು ದಿಟ್ಟಿಸಲಿ.

ನನಗೆ ಅಚ್ಚುಮೆಚ್ಚು ಆ ತೋಳು. ಅದರ ಕೆಳಬದಿಗೆ ಹಳದಿ ಹತ್ತಿದೆ. ಬಟ್ಟೆಯ ಬಣ್ಣವಲ್ಲ ಅದು. ಕಾಲ ಬಳಿಯ ಹುಲ್ಲುಹೂಗಳ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಪುಟಿದದ್ದು. ಮೇಲೆ ಕೊಡೆಯ ಒಳಮೈ ಹಸಿರು. ನಡುವೆ ಮುಖ, ಅದರ ಮೇಲೆ ಗಾಳಿಗೆ ಹಾರುವ ತೆಳುಪರದೆ. ಮೋಡ ಎಳೆದ ಕೈಯೇ ಆ ಪರದೆಯನ್ನೂ ಎಳೆದಿದೆ. ಮುಗುಳ್ನಗೆಯೋ ಬೇಸರವೋ, ತಿಳಿಯುವಂತಿಲ್ಲ. ಎಲ್ಲರೂ ಇದನ್ನು ಉಲ್ಲಾಸದ ಚಿತ್ರ ಅನ್ನುತ್ತಾರೆ. ಉಲ್ಲಾಸವೇನೋ ಹುಲ್ಲಿನಲ್ಲಿದೆ, ಹಿಂದೆ ನಿಂತ ಮಗ ಜಾನ್‌ನ ಹ್ಯಾಟಿನಲ್ಲಿದೆ. ಆಕೆಯ ಮುಖ ಮಾತ್ರ ತಣ್ಣಗಿದೆ. ಹೆಸರು ಕಮೀಲ್, ಮೊನೆಯ ಹೆಂಡತಿ. ಯಾರೋ ಕರೆದರೆಂದು ತಿರುಗಿದ್ದಾಳೆ, ಇನ್ನೊಂದು ಗಳಿಗೆಗೆ ಹೊರಟುಬಿಡುತ್ತಾಳೆ ಅನ್ನಿಸುತ್ತದೆ.

ನಾಲ್ಕೇ ವರ್ಷ. 1879ರ ಸೆಪ್ಟೆಂಬರಿನಲ್ಲಿ ವೆತೆಯಿ ಊರಲ್ಲಿ ಕಮೀಲ್ ತೀರಿಕೊಂಡಳು, ವಯಸ್ಸು 32. ಮೊನೆ ಆ ಹಾಸಿಗೆಯ ಪಕ್ಕದಲ್ಲೇ ಕುಂಚ ಹಿಡಿದ. ಸಾವು ಆ ಮುಖದ ಮೇಲೆ ತರುತ್ತಿದ್ದ ಬಣ್ಣಗಳನ್ನು ತನ್ನ ಕಣ್ಣು ತಾನಾಗಿಯೇ ಲೆಕ್ಕ ಹಾಕುತ್ತಿತ್ತೆಂದು ಎಷ್ಟೋ ವರ್ಷಗಳ ನಂತರ ಗೆಳೆಯ ಕ್ಲೆಮಾನ್ಸೋ ಬಳಿ ಹೇಳಿಕೊಂಡಿದ್ದಾನೆ. ಅಲ್ಲಿಯೂ ನೀಲಿ, ಬೂದು, ನೇರಳೆ. ಅಲ್ಲಿಯೂ ಮುಖದ ಮೇಲೆ ಪರದೆಯಂಥ ಗೀರುಗಳು.

1886ರಲ್ಲಿ ಮೊನೆ ಮತ್ತೆ ಬಿಳಿ ಗೌನು, ಹಸಿರು ಕೊಡೆ, ಗಾಳಿಗೆ ಮರಳಿದ. ಒಂದಲ್ಲ, ಎರಡು ಚಿತ್ರ. ಈ ಸಲ ನಿಂತವಳು ಸುಜಾನ್ ಒಶಡೇ, ಮುಂದೆ ಅವನ ಮಲಮಗಳಾದವಳು. ಗೌನಿನ ನೆರಿಗೆಯಲ್ಲಿ ಗುಲಾಬಿ, ನೀಲಿ ಧಾರಾಳವಾಗಿವೆ. ಕಣ್ಣು ಬಾಯಿಗಳನ್ನು ಮಾತ್ರ ಸರಿಯಾಗಿ ಮೂಡಿಸಿಯೇ ಇಲ್ಲ.

ಆ ಎರಡೂ ಚಿತ್ರಗಳು, ಸಾವಿನ ಹಾಸಿಗೆಯ ಕಮೀಲ್ ಜೊತೆಗೆ, ಈಗ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಮ್ಮಿನ ಒಂದೇ ಸೂರಿನಡಿ ಇವೆ. ಬಿಸಿಲಿಗೆ ಬೆನ್ನು ಕೊಟ್ಟು ತಿರುಗಿ ನೋಡಿದ ಕಮೀಲ್ ಇರುವುದು ಸಮುದ್ರದಾಚೆ, ವಾಷಿಂಗ್ಟನ್ನಿನಲ್ಲಿ.