ಪಂಡಿತ ಸುಂದರಲಾಲ್ ವರದಿ: ಪ್ರಾತಿನಿಧ್ಯ ಮತ್ತು ಗೋಪ್ಯತೆ

ಬಸವಕಲ್ಯಾಣ, ಹುಮನಾಬಾದು ಸೀಮೆಯ ಆಧುನಿಕ ಚರಿತ್ರೆಯನ್ನು ಬರೆಯಹೊರಡುವವನಿಗೆ 1948ನೆಯ ವರ್ಷವನ್ನು ದಾಟುವುದು ಸುಲಭವಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬಸವಕಲ್ಯಾಣದ ಸಮೀಪದ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಜನರು ಮರೆತಿಲ್ಲ. 2023ರಲ್ಲಿ ಅಲ್ಲಿ ಸ್ಮಾರಕವೂ ಉದ್ಘಾಟನೆಗೊಂಡಿತು. ಸೆಪ್ಟೆಂಬರ್ 13ರಿಂದ 17ರ ವರೆಗೆ ನಡೆದ, ಪೊಲೀಸ್ ಕಾರ್ಯಾಚರಣೆಯೆಂದು ಹೆಸರಾದ ಸೈನಿಕ ಕ್ರಮದಿಂದ ನಿಜಾಮನ ಸ್ವತಂತ್ರಾಧಿಕಾರ ಕೊನೆಗೊಂಡಿತು. ಅದರ ಬೆನ್ನಿಗೇ ಮುಸಲ್ಮಾನರ ಮೇಲೆ ಎರಗಿದ ಹಿಂಸೆಯನ್ನು ಕುರಿತ ಮುಖ್ಯ ದಾಖಲೆಯಾದರೋ ದಶಕಗಳ ಕಾಲ ಕಪಾಟಿನಲ್ಲಿಯೇ ಉಳಿಯಿತು.

ಪ್ರಧಾನಿ ನೆಹರೂ ಅವರ ಸೂಚನೆಯಂತೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಈ ಮೂವರು 1948ರ ನವೆಂಬರ್ 29ರಿಂದ ಡಿಸೆಂಬರ್ 21ರ ವರೆಗೆ ಹೈದರಾಬಾದು ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸಂಚರಿಸಿದರು. ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರ ಮಾತನ್ನೂ ಕೇಳಿದರು. ಕಡಮೆಯೆಂದರೂ 27,000ದಿಂದ 40,000 ಜನ ಸತ್ತಿರಬೇಕೆಂಬುದು ಅವರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದು, ಗುಲ್ಬರ್ಗ, ನಾಂದೇಡುಗಳೊಡನೆ ಬೀದರನ್ನೂ ಹೆಸರಿಸಿದರು. ಗೃಹಸಚಿವ ಪಟೇಲರಿಗೆ ಈ ವರದಿ ಒಪ್ಪಿಗೆಯಾಗಲಿಲ್ಲ. ಸರಕಾರ ಅದನ್ನು ಪ್ರಕಟಿಸಲಿಲ್ಲ.

ಇಂತಹ ವಿಚಾರಣೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ: ಕೇಳುವ ಪೀಠದಲ್ಲಿ ಯಾರು ಕುಳಿತಿದ್ದಾರೆ? ಕೇಳಿದ್ದರಲ್ಲಿ ಯಾವುದನ್ನು ಮುಚ್ಚಿಡಬಹುದು? ಆಂಗ್ಲ ನ್ಯಾಯಪದ್ಧತಿಯ ಗ್ರ್ಯಾಂಡ್ ಜ್ಯೂರಿಯ ಚರಿತ್ರೆ ಇಲ್ಲಿ ಪ್ರಯೋಜನಕಾರಿ. 1826ರ ಶಾಸನವು ಕಲ್ಕತ್ತ, ಮದರಾಸು, ಮುಂಬಯಿಗಳ ಗ್ರ್ಯಾಂಡ್ ಜ್ಯೂರಿಯಿಂದ ಹಿಂದೂ-ಮುಸಲ್ಮಾನರನ್ನು ಹೊರಗಿಟ್ಟಿತ್ತು. ರಾಮಮೋಹನ ರಾಯರೇ ಮೊದಲಾದವರು ಇದನ್ನು ಪ್ರತಿಭಟಿಸಿದರು. 1832ರಲ್ಲಿ ಆ ನಿಷೇಧ ತೊಲಗಿತು. ಆ ಮಂಡಲಿಯ ಸಮಾಲೋಚನೆ ಗುಪ್ತವಾಗಿಯೇ ನಡೆಯುತ್ತಿತ್ತು. ಸಾಕ್ಷಿಯು ನಿರ್ಭಯವಾಗಿ ನುಡಿಯಲೆಂಬುದು ಅದರ ಒಂದು ಉದ್ದೇಶ. ಆದರೆ ದೋಷಾರೋಪಣೆ ಮಾಡಬೇಕೆಂದು ತೀರ್ಮಾನಿಸಿದಾಗ ಅದನ್ನು ನ್ಯಾಯಾಲಯಕ್ಕೆ ಒಪ್ಪಿಸಲೇಬೇಕಾಗಿತ್ತು.

ಸುಂದರಲಾಲ್ ನಿಯೋಗವು ನ್ಯಾಯಮಂಡಲಿಯಲ್ಲ. ಕೋಮುಸೌಹಾರ್ದವನ್ನು ಮರಳಿ ನೆಲೆಗೊಳಿಸುವುದೇ ತನ್ನ ಕರ್ತವ್ಯವೆಂದು ಅದು ತಿಳಿದಿತ್ತು. ಆದರೂ ಮೇಲಿನ ಅಳತೆಗೋಲಿನಿಂದ ಅದನ್ನು ನೋಡಬಹುದು. ಪ್ರಾತಿನಿಧ್ಯದಲ್ಲಿ ಅದು ತಕ್ಕಮಟ್ಟಿಗೆ ಸಫಲ. ಎರಡೂ ಸಮಾಜದವರು ಅಲ್ಲಿದ್ದರು. ಅದರಿಂದಲೇ ವರದಿ ಏಕಮುಖವಾಗಲಿಲ್ಲ. ರಜಾಕಾರರ ದೌರ್ಜನ್ಯವನ್ನು ಅದು ಮರೆಸುವುದಿಲ್ಲ. ಕೆಲವೆಡೆ ಹಿಂದೂ ನೇಕಾರರು ಪ್ರಾಣವನ್ನೂ ಲೆಕ್ಕಿಸದೆ ಮುಸಲ್ಮಾನ ನೇಕಾರರನ್ನು ಕಾಪಾಡಿದುದನ್ನೂ ದಾಖಲಿಸುತ್ತದೆ. ಆದರೆ ಸ್ತ್ರೀಯರ ಅಪಹರಣ, ಮಾನಭಂಗಗಳನ್ನು ಹೇಳುವ ಈ ವರದಿಯ ಕರ್ತೃಗಳಲ್ಲಿ ಒಬ್ಬ ಸ್ತ್ರೀಯೂ ಇಲ್ಲ. ಇದು ಸಣ್ಣ ಕೊರತೆಯಲ್ಲ.

ಗೋಪ್ಯತೆಯ ವಿಷಯದಲ್ಲಿ ತಪ್ಪು ನಿಯೋಗದ್ದಲ್ಲ, ಸರಕಾರದ್ದು. ಸಾಕ್ಷಿಗಳ ಹೆಸರನ್ನು ಮರೆಮಾಡಿದ್ದರೆ ಅದು ರಕ್ಷಣೆ. ನಿರ್ಣಯವನ್ನೇ ಮರೆಮಾಡಿದುದು ನಿರಾಕರಣೆ. ಆಗ ಪ್ರಕಟಿಸಿದ್ದರೆ ಮತದ್ವೇಷ ಮತ್ತೆ ಭುಗಿಲೇಳುತ್ತಿತ್ತೆಂಬ ವಾದವುಂಟು. 1949ರ ಮಟ್ಟಿಗೆ ಅದನ್ನು ಒಪ್ಪಬಹುದು. ಮುಂದಿನ ದಶಕಗಳಿಗೆ ಅದು ಸಲ್ಲದು. ವರದಿಯ ಭಾಗಗಳು 1988ರಲ್ಲಿ ಒಮರ್ ಖಾಲಿದಿಯವರ ಸಂಪಾದನೆಯಿಂದ ಬೆಳಕು ಕಂಡವು, ಬಳಿಕ ಎ. ಜಿ. ನೂರಾನಿಯವರ ಗ್ರಂಥದಿಂದ ವಿದ್ವಾಂಸರಿಗೆ ಹೆಚ್ಚು ಪರಿಚಿತವಾಯಿತು. ಅಷ್ಟರಲ್ಲಿ ಕಂಡವರು, ಕಳೆದುಕೊಂಡವರು ಬಹುಮಟ್ಟಿಗೆ ತೀರಿಹೋಗಿದ್ದರು.

ನಷ್ಟವಾದದ್ದು ಇದೇ. 27,000ಕ್ಕೂ 40,000ಕ್ಕೂ ನಡುವೆ 13,000 ಜೀವಗಳ ಅಂತರವಿದೆ. ಮೂರು ವಾರದ ಸಂಚಾರದಲ್ಲಿ ಹುಟ್ಟಿದ ಅಂದಾಜು ಅಂತಿಮ ಸತ್ಯವಾಗಲಾರದು. ಅದನ್ನು ಊರೂರಿನಲ್ಲಿ ಒರೆಗೆ ಹಚ್ಚಿ ತಿದ್ದಬೇಕಾಗಿತ್ತು. ಗುಪ್ತವಾಗಿಟ್ಟದ್ದರಿಂದ ವರದಿಯನ್ನು ಖಂಡಿಸುವವರಿಗೂ ಸಮರ್ಥಿಸುವವರಿಗೂ ಆ ಅವಕಾಶ ತಪ್ಪಿತು. ಗೋರ್ಟಾದ ಸತ್ತವರನ್ನು ನೆನೆಯುವುದು ನ್ಯಾಯ. ಸೆಪ್ಟೆಂಬರಿನ ಅನಂತರ ಸತ್ತವರನ್ನು ಎಣಿಸುವುದೂ ಅದೇ ನ್ಯಾಯದ ಭಾಗ. ನಮ್ಮ ವಿದ್ಯಾರ್ಥಿಗಳು ಈ ಎರಡನ್ನೂ ಒಂದೇ ಪಾಠದಲ್ಲಿ ಓದುವಂತಾಗಬೇಕು.