ಮೇಜಿನ ಮೇಲಿನ ಆಕಾಶ

ತಿದಿಯ ಗಾಳಿಯಿಂದ ನಾದ ಹೊರಡಿಸುವ ಆರ್ಗನ್ ವಾದ್ಯಗಳ ಕಾರ್ಖಾನೆಯಲ್ಲಿ ಕೆಲಸ ಕಲಿತ ಅಮೆರಿಕದ ಎಡ್ವಿನ್ ಲಿಂಕ್, ಅಂಥವೇ ತಿದಿಗಳ ಮೇಲೆ ಮರದ ಪುಟ್ಟ ವಿಮಾನವೊಂದನ್ನು ನಿಲ್ಲಿಸಿ, ನೆಲ ಬಿಡದೆಯೇ ಹಾರಾಟವನ್ನು ಅಭ್ಯಸಿಸುವ ಯಂತ್ರವನ್ನು 1929ರಲ್ಲಿ ನಿರ್ಮಿಸಿದನು. ಅದರ ಸಂತತಿಯೇ ಇಂದು ಗಣಕಯಂತ್ರ, ಜಾಯ್‌ಸ್ಟಿಕ್ಕು, ಪೆಡಲುಗಳ ರೂಪದಲ್ಲಿ ಮನೆಯ ಮೇಜನ್ನೇರಿದೆ.

ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ವೈಮಾನಿಕ ಶಿಕ್ಷಣ ಪಡೆಯಬಯಸುವ ನಿಪ್ಪಾಣಿಯ ಅಥವಾ ರಾಯಬಾಗದ ತರುಣನಿಗೆ ಈ ಉಪಕರಣವು ಮಾಡುವ ಉಪಕಾರ ಅಲ್ಪವಲ್ಲ. ಇಂಧನದ ವ್ಯಯವಾಗಲಿ ಪ್ರಾಣಭಯವಾಗಲಿ ಇಲ್ಲದೆ, ಎಂಜಿನ್ ಚಾಲನೆಯ ಪೂರ್ವದ ತಪಾಸಣೆಯ ಕ್ರಮವನ್ನೂ, ವೇಗ, ಎತ್ತರ, ದಿಕ್ಕುಗಳ ಮಾಪಕಗಳ ಮೇಲೆ ದೃಷ್ಟಿಯನ್ನು ಸರದಿಯಂತೆ ಹರಿಸುವ ಶಿಸ್ತನ್ನೂ, ರೇಡಿಯೋ ಸಂಭಾಷಣೆಯ ಮಿತಭಾಷೆಯನ್ನೂ ಅದು ನಾಲಗೆಗೂ ಕೈಗೂ ರೂಢಿಸುತ್ತದೆ. ಉಪಗ್ರಹಚಿತ್ರಗಳಿಂದ ರಚಿತವಾದ ನೆಲದ ಮೇಲೆ ದೂಧಗಂಗೆಯು ಕೃಷ್ಣೆಯನ್ನು ಸೇರುವ ಚಿಕ್ಕೋಡಿಯ ಸೀಮೆಯನ್ನೂ, ಅಥಣಿ ಕಾಗವಾಡಗಳ ಕಬ್ಬಿನ ಬಯಲನ್ನೂ ನೋಡುತ್ತ ಹಾರಿದವನು, ನದಿಯನ್ನೂ ಹೆದ್ದಾರಿಯನ್ನೂ ಗುರುತಾಗಿಟ್ಟುಕೊಂಡು ದಾರಿ ಹಿಡಿಯುವ ವಿದ್ಯೆಯನ್ನು ಮೊದಲೇ ಪಡೆದಿರುತ್ತಾನೆ.

ಆದರೆ ಆ ಕೃಷ್ಣೆಯಲ್ಲಿ ಶ್ರಾವಣದ ಮಹಾಪೂರವಿಲ್ಲ. ಆ ಆಸನಕ್ಕೆ ಅಡ್ಡಗಾಳಿಯ ತಳ್ಳಾಟವಿಲ್ಲ. ತಿರುವಿನಲ್ಲಿ ದೇಹ ಭಾರವಾಗುವ ಅನುಭವವಂತೂ ಇಲ್ಲವೇ ಇಲ್ಲ. ಮಾಪಕಗಳನ್ನೇ ದಿಟ್ಟಿಸುವ ದುರಭ್ಯಾಸವೂ ಅಂಟಬಹುದು. ವಾಣಿಜ್ಯ ವೈಮಾನಿಕನ ಪರವಾನಗಿಗೆ ಬೇಕಾದ 200 ಗಂಟೆಗಳ ಹಾರಾಟದಲ್ಲಿ ಮನೆಯ ಗಂಟೆಗಳು ಸೇರುವುದಿಲ್ಲವೆಂಬುದು ಆದುದರಿಂದ ನ್ಯಾಯವೇ ಸರಿ. ಗುರುವಿನ ಪಾಠಕ್ಕೆ ಮುನ್ನ ಸಿದ್ಧತೆಯಾಗಿ, ಪಾಠದ ತರುವಾಯ ಮನನವಾಗಿ ಬಳಸುವವನಿಗೆ ಇದಕ್ಕಿಂತ ತಾಳ್ಮೆಯುಳ್ಳ ಸಹಾಧ್ಯಾಯಿ ದೊರೆಯುವುದು ದುರ್ಲಭ.