ನೆಲ್ಲಿಕಾಯಿ ವೈನಿನ ಒಗರು

ಕೊಡಗಿಗೆ ಬಂದವರು ವಾಪಸು ಹೋಗುವಾಗ ಕಾಫಿಪುಡಿ, ಜೇನು, ಕರಿಮೆಣಸಿನ ಜೊತೆ ಒಂದು ಬಾಟಲಿ ‘ಹೋಂ ಮೇಡ್ ವೈನ್’ ಕೂಡ ಒಯ್ಯುತ್ತಾರೆ. ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್, ವೀಳ್ಯದೆಲೆ, ಗಾಂಧಾರಿ ಮೆಣಸು ಅಂತ ಬಣ್ಣಬಣ್ಣದ ಸಾಲೇ ಇರುತ್ತದೆ. ಮನೆಯಲ್ಲಿ ಮಾಡಿದ್ದು, ನೈಸರ್ಗಿಕವಾದದ್ದು ಎಂಬ ಎರಡು ಮಾತು ಈ ಬಾಟಲಿಗಳ ಬೆನ್ನಿಗೇ ಬರುತ್ತವೆ. ಆರು ಬಾಟಲಿಗಳನ್ನು ತಿತಿಮತಿಯ ನಮ್ಮ ಮನೆಯಲ್ಲಿ ಮೂರು ಸಂಜೆ ಕೂತು ಸವಿದು ನೋಡಿದೆ. ಎರಡು ಮಾತೂ ರುಚಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೊದಲು ‘ನೈಸರ್ಗಿಕ’ದ ಕಥೆ. ಆಸ್ಟ್ರೇಲಿಯಾದ ಸಾವಯವ ವೈನ್ ಬಾಟಲಿಯ ಮೇಲೆ ಅದನ್ನು ಪ್ರಮಾಣೀಕರಿಸಿದ ಸಂಸ್ಥೆಯ ಮುದ್ರೆ ಇರುತ್ತದೆ. ವೈನ್ ಕೆಡದಂತೆ ತಡೆಯುವ ಸಲ್ಫೈಟ್ ಕಿಲೋಗೆ 10 ಮಿಲಿಗ್ರಾಂ ಮುಟ್ಟಿದರೆ ಅದನ್ನೂ ಅಲ್ಲಿ ಹೇಳಲೇಬೇಕು. ನಮ್ಮಲ್ಲಿ ‘ಮನೆ’ ಎಂಬ ಪದವೇ ಪ್ರಮಾಣಪತ್ರ. ಆದರೆ ಇಷ್ಟು ಮಳೆ ಸುರಿಯುವ ಜಿಲ್ಲೆ ದ್ರಾಕ್ಷಿಯ ಸೀಮೆಯಲ್ಲ. ನಮ್ಮ ರಾಜ್ಯದಲ್ಲಿ ‘ಬೆಂಗಳೂರು ಬ್ಲೂ’ ಬೆಳೆಯುವುದು ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ. ಶುಂಠಿ ಇಲ್ಲಿಯದೇ, ನಿಜ. ಗದ್ದೆಗಳಲ್ಲಿ ಶುಂಠಿಗೆ ಹೊಡೆಯುವ ಔಷಧಿಯನ್ನು ನೋಡಿದವರು ಅದನ್ನು ನೈಸರ್ಗಿಕ ಎನ್ನಲು ಸ್ವಲ್ಪ ತಡವರಿಸಬೇಕು.

ಇನ್ನು ರುಚಿ. ದ್ರಾಕ್ಷಿಯದಕ್ಕೆ ಲವಂಗದ ಘಮ, ಆಮೇಲೆ ಬರೀ ಸಿಹಿ. ಪ್ಯಾಶನ್ ಫ್ರೂಟ್ ಮೂಗಿಗೆ ಏನೋ ಆಸೆ ಹುಟ್ಟಿಸಿತು, ನಾಲಿಗೆಗೆ ಶರಬತ್ತಾಯಿತು. ವೀಳ್ಯದೆಲೆಯದು ಮದುವೆ ಮನೆಯ ಸಿಹಿ ಬೀಡಾವನ್ನು ನೀರಿನಲ್ಲಿ ನೆನೆಸಿಟ್ಟಂತೆ. ಎಲೆಯ ಘಾಟೇ ಇಲ್ಲ. ಗಾಂಧಾರಿ ಮೆಣಸಿನದು ಗಂಟಲಿಗೆ ಬಿಸಿ ಮುಟ್ಟಿಸಿತು, ಶೀತಕ್ಕೆ ಕುಡಿಯಬಹುದು. ಆರರಲ್ಲಿ ತನ್ನ ಸ್ವಭಾವ ಬಿಟ್ಟುಕೊಡದೆ ನಿಂತದ್ದು ಶುಂಠಿಯೊಂದೇ. ಅಷ್ಟು ಸಕ್ಕರೆಯ ಅಡಿಯಿಂದಲೂ ಅದರ ಖಾರ ಎದ್ದು ಬಂತು.

ಬೇಸರ ಆದದ್ದು ನೆಲ್ಲಿಕಾಯಿಯಿಂದ. ನೆಲ್ಲಿಕಾಯಿಯ ಚೆಂದ ಇರುವುದು ಅದರ ಕ್ರಮದಲ್ಲಿ: ಮೊದಲು ಹುಳಿ, ಆಮೇಲೆ ಒಗರು, ಮೇಲೊಂದು ಗುಟುಕು ನೀರು ಕುಡಿದರೆ ಎಲ್ಲಿಂದಲೋ ಬರುವ ಸಿಹಿ. ಇಸ್ಕೂಲಿಗೆ ಹೋಗುವಾಗ ಜೇಬಿನಲ್ಲಿಟ್ಟುಕೊಂಡ ಯಾರಿಗೂ ಇದು ಗೊತ್ತು. ಈ ವೈನಿನಲ್ಲಿ ಸಿಹಿ ಮೊದಲೇ ಬಂದು ಕೂತಿತ್ತು, ಆಮೇಲೆ ಬರಲು ಏನೂ ಉಳಿದಿರಲಿಲ್ಲ. ವೈನ್ ಬಲ್ಲವರು ‘ಟ್ಯಾನಿನ್’ ಎಂದು ದೊಡ್ಡದಾಗಿ ಹೇಳುವುದು ನಮ್ಮ ಒಗರನ್ನೇ. ಇಂಗ್ಲಿಷ್ ಬರಹಗಳಲ್ಲಿ ಚೆರ್ರಿ, ಬ್ಲ್ಯಾಕ್‌ಕರಂಟ್ ಎಂದೆಲ್ಲ ಓದಿ ಬಾಯಿಪಾಠ ಮಾಡುವ ನಾವು ಒಗರು, ಕನರು, ಘಾಟು ಎಂಬ ನಮ್ಮದೇ ಪದಗಳನ್ನು ಗ್ಲಾಸಿನ ಹತ್ತಿರ ತರುವುದೇ ಇಲ್ಲ.

ಇದು ಕೊಡಗಿನ ನಾಲಿಗೆಯಂತೂ ಅಲ್ಲ. ಪಣಪುಳಿ ಹಣ್ಣಿನಿಂದ ಇಳಿದ ರಸವನ್ನು ಕಪ್ಪಗಾಗುವವರೆಗೆ ಕುದಿಸಿ ಕಾಚಂಪುಳಿ ಮಾಡಿ, ಅದನ್ನು ಪಂದಿಕರಿಗೆ ಹಾಕುವ ಸೀಮೆ ಇದು. ಕಳಲೆಯನ್ನು ನೀರಿನಲ್ಲಿ ಹುಳಿಬರಿಸಿ ಉಣ್ಣುವವರು. ಅಡುಗೆಮನೆಯಲ್ಲಿ ಇಷ್ಟು ಧೈರ್ಯವಿರುವವರು ಬಾಟಲಿಯಲ್ಲಿ ಯಾಕೆ ಹೀಗೆ ಹೆದರಿದರು?

ಒಂದು ಕಾರಣ ನ್ಯಾಯವಾದದ್ದು. ಭರಣಿಯಲ್ಲಿ ಹಣ್ಣು, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಹಾಕಿ ಸಾಮಾನ್ಯವಾಗಿ 21 ದಿನ ಇಡುತ್ತಾರೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆಯನ್ನು ಯೀಸ್ಟ್ ತಿಂದರೆ ಶೇ. 1ರಷ್ಟು ಆಲ್ಕೋಹಾಲ್ ಆಗುತ್ತದೆ. ಸಲ್ಫೈಟ್ ಹಾಕದ ಮನೆಯಲ್ಲಿ ಸಕ್ಕರೆ ಕಡಿಮೆ ಮಾಡಿದರೆ ವೈನ್ ವಿನೆಗರ್ ಆಗುವ ಭಯ ಇದ್ದೇ ಇದೆ. ಇನ್ನೊಂದು ಕಾರಣ ಕೊಳ್ಳುವವರು. ಬಾಟಲಿ ತುಂಬುವುದೇ ಅವರ ಬಾಯಿಯನ್ನು ಊಹಿಸಿಕೊಂಡು.

ಕುಡಿಯುವವರು ಯಾರು ಎನ್ನುವುದು ಹೆಸರನ್ನೂ ಬದಲಿಸುತ್ತದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದದ್ದೂ ಅದೇ ವರ್ಷ. ತಿತಿಮತಿ ಸುತ್ತಿನ ಹಾಡಿಗಳವರು ತೋಟದ ಕೆಲಸ ಮುಗಿಸಿ ಕುಡಿದರೆ ಅದು ‘ಕುಡಿತ’, ಅದರ ಮೇಲೆ ಭಾಷಣವಾಗುತ್ತದೆ. ಹೋಂಸ್ಟೇ ಜಗಲಿಯಲ್ಲಾದರೆ ‘ಟೇಸ್ಟಿಂಗ್’. ಪರವಾನಗಿ ಇಲ್ಲದೆ ಮದ್ಯ ಮಾಡಿ ಮಾರುವುದನ್ನು 1965ರ ಅಬಕಾರಿ ಕಾಯಿದೆ ಒಪ್ಪುವುದಿಲ್ಲ. ಮನೆಯ ವೈನಿಗೆ ಬೇರೆ ಲೆಕ್ಕವೇನಿಲ್ಲ.

ಇಷ್ಟೆಲ್ಲ ಗೊಣಗಿದ್ದನ್ನು ಕೇಳಿಸಿಕೊಂಡ ನೆರೆಮನೆಯ ಅಕ್ಕ ಒಳಗಿನಿಂದ ಒಂದು ಹಳೇ ಬಾಟಲಿ ತಂದರು. ಅದೂ ನೆಲ್ಲಿಕಾಯಿಯದೇ, ಹೋದ ವರ್ಷದ್ದು, ಮನೆಗೆ ಅಂತ ಸಕ್ಕರೆ ಹಿಡಿದು ಹಾಕಿ ಮಾಡಿದ್ದು. ಬಣ್ಣ ಮಂಕು, ತಳದಲ್ಲಿ ಗಷ್ಟು. ಮೊದಲ ಗುಟುಕಿಗೆ ಮುಖ ಕಿವುಚಿತು. ಎರಡನೆಯದಕ್ಕೆ ಒಗರು ದವಡೆಯ ಹಿಂದೆ ಹೋಗಿ ಕೂತಿತು. ನೀರು ಕುಡಿದೆ, ಸಿಹಿ ಬಂತು.

“ಇದನ್ನೇ ಯಾಕೆ ಬಂದವರಿಗೆ ಕೊಡಲ್ಲ ಅಕ್ಕ?”

“ಅವರಿಗೆ ಹುಳಿ ಆಗಲ್ಲ ಮಾರಾಯ್ತಿ. ಕೆಟ್ಟುಹೋಗಿದೆ ಅಂತಾರೆ.”

ಮುಂದಿನ ನೆಲ್ಲಿಕಾಯಿ ಕಾಲಕ್ಕೆ ಇಂಥದ್ದೇ ಎರಡು ಬಾಟಲಿ ಜಾಸ್ತಿ ಹಾಕಿ, ಬಂದ ನೆಂಟರಿಗಾದರೂ ಕೊಟ್ಟು ನೋಡಿ ಅಂದಿದ್ದೇನೆ. ಉಳಿದರೆ ನೀನೇ ಕುಡಿದು ಮುಗಿಸಬೇಕು ಅಂದರು.